ಮೀನಿನ ಮಾಂಸದಿಂದ ಪ್ರೋಟೀನ್ ತೆಗೆಯಲು ಯಾವ ವಿಧಾನ? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಜೆಕ್ಟ್ ಶುರುವಾಗುವ ಹೊತ್ತಿಗೆ ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಅವನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಉದಾಹರಣೆಗೆ ಹೆಚ್ಚಾಗಿ ಬಂಗುಡೆಯನ್ನೇ ತೆಗೆದುಕೊಂಡಿದ್ದೇನೆ. ನಮ್ಮ ಕರಾವಳಿಯಲ್ಲಿ ಧಾರಾಳ ಸಿಗುತ್ತದೆ, ಬೆಲೆಯೂ ಕೈಗೆಟಕುತ್ತದೆ. ಆದರೆ ಲ್ಯಾಬಿನಲ್ಲಿ ಅದು ಸುಲಭದ ಮೀನಲ್ಲ. ಕೊಬ್ಬು ಜಾಸ್ತಿ, ಕೆಂಪು ಮಾಂಸ ಜಾಸ್ತಿ, ಬೇಗ ಕೆಡುತ್ತದೆ. ಬಂಗುಡೆಯಲ್ಲಿ ಕೈ ಪಳಗಿದರೆ ರೋಹು, ತಿಲಾಪಿಯಾ ನಿಮಗೆ ಕಷ್ಟವೆನಿಸುವುದಿಲ್ಲ.

ಎಲ್ಲಕ್ಕಿಂತ ಒಳ್ಳೆಯ ವಿಧಾನ ಯಾವುದು?

ಹೀಗೆ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ನಿಮಗೆ ಬೇಕಾದ ಪ್ರೋಟೀನ್ ಯಾವುದು? ತೆಗೆದ ಮೇಲೆ ಅದನ್ನು ಏನು ಮಾಡುತ್ತೀರಿ?

ಮೀನಿನ ಮಾಂಸದಲ್ಲಿ ಮೂರು ಬಗೆಯ ಪ್ರೋಟೀನ್ ಇರುತ್ತದೆ. ಮೊದಲನೆಯದು ಸಾರ್ಕೊಪ್ಲಾಸ್ಮಿಕ್. ಜೀವಕೋಶದ ರಸದಲ್ಲಿ ಕರಗಿರುವಂಥದ್ದು, ಕಿಣ್ವಗಳು, ಮಯೋಗ್ಲೋಬಿನ್, ಪಾರ್ವಾಲ್ಬುಮಿನ್ ಎಲ್ಲ ಇದರಲ್ಲಿ ಸೇರುತ್ತವೆ. ಒಟ್ಟು ಪ್ರೋಟೀನಿನಲ್ಲಿ ಸುಮಾರು 20ರಿಂದ 30 ಶೇಕಡಾ. ಇದು ಬರೀ ನೀರಿಗೆ, ಇಲ್ಲವೇ ತೀರಾ ಕಡಿಮೆ ಉಪ್ಪಿನ ಬಫರಿಗೆ (ಪಿಹೆಚ್ ಏರುಪೇರಾಗದಂತೆ ಹಿಡಿದಿಡುವ ದ್ರಾವಣಕ್ಕೆ) ಬರುತ್ತದೆ. ಎರಡನೆಯದು ಮಯೋಫಿಬ್ರಿಲ್ಲರ್, ಅಂದರೆ ಮಯೋಸಿನ್, ಆಕ್ಟಿನ್, ಟ್ರೋಪೊಮಯೋಸಿನ್. ಸ್ನಾಯು ಎಳೆಯುವ ಕೆಲಸ ಇವುಗಳದ್ದು. ಇದೇ ದೊಡ್ಡ ಪಾಲು, 65ರಿಂದ 75 ಶೇಕಡಾ. ಇದು ಕರಗಬೇಕಾದರೆ ಉಪ್ಪು ಜಾಸ್ತಿ ಬೇಕು. ಮೂರನೆಯದು ಸ್ಟ್ರೋಮಾ, ಮುಖ್ಯವಾಗಿ ಕೊಲಾಜೆನ್. ಬಂಗುಡೆ, ಅಂಜಲ್ ಥರದ ಮುಳ್ಳಿನ ಮೀನುಗಳಲ್ಲಿ ಸುಮಾರು 3 ಶೇಕಡಾ ಇರುತ್ತದೆ. ತಾಟೆ (ಶಾರ್ಕ್), ತೊರಕೆ (ರೇ) ಮೀನುಗಳಲ್ಲಿ 10ರವರೆಗೂ ಹೋಗುತ್ತದೆ. ಇದು ಉಪ್ಪಿಗೂ ಜಗ್ಗುವುದಿಲ್ಲ.

ಹಾಗಾಗಿ ಒಂದೊಂದು ಬಫರ್ ಮೀನಿನ ಒಂದೊಂದು ಭಾಗವನ್ನು ಎತ್ತಿಕೊಂಡು ಬರುತ್ತದೆ. ಎರಡು ವಿಧಾನಗಳನ್ನು ಹೋಲಿಸಿ "ಇದರಲ್ಲಿ ಪ್ರೋಟೀನ್ ಜಾಸ್ತಿ ಬಂತು" ಅಂತ ಬರೆಯುವ ಮೊದಲು "ಯಾವ ಪ್ರೋಟೀನ್ ಜಾಸ್ತಿ ಬಂತು" ಅಂತ ನೋಡಲೇಬೇಕು. ಈ ಪುಟದಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ.

ಮಾರ್ಕೆಟ್ಟಿನಿಂದ ತಂದ ಮೀನು ಆಗುತ್ತದಾ?

ಆಗುತ್ತದೆ, ಆದರೆ ಅದು ಎಷ್ಟು ಹೊತ್ತಿನ ಮೀನು ಅಂತ ಗೊತ್ತಿರಬೇಕು. ಮಂಗಳೂರಿನಲ್ಲಿದ್ದರೆ ಬೆಳಗಿನ ಜಾವ ದಕ್ಕೆಗೇ (ಮೀನುಗಾರಿಕೆ ಬಂದರಿಗೆ) ಹೋಗಿ. ಬೋಟಿನವರನ್ನು ಕೇಳಿ, ಯಾವಾಗ ಬಲೆ ಎತ್ತಿದ್ದು, ಐಸ್ ಯಾವಾಗ ಹಾಕಿದ್ದು ಅಂತ. ಕೇಳಿದರೆ ಬೇಸರವಿಲ್ಲದೆ ಹೇಳುತ್ತಾರೆ. ಅದನ್ನು ಅಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಮೀನು ಸತ್ತ ಮೇಲೆ ಅದರ ಸ್ವಂತ ಕಿಣ್ವಗಳು, ಕ್ಯಾಥೆಪ್ಸಿನ್, ಕ್ಯಾಲ್ಪೈನ್ ಮುಂತಾದವು, ಅದರ ಪ್ರೋಟೀನನ್ನೇ ಕತ್ತರಿಸಲು ಶುರುಮಾಡುತ್ತವೆ. ಮಾಂಸದ ಪಿಹೆಚ್ ಕೂಡ ಇಳಿಯುತ್ತದೆ. ಬಂಗುಡೆಯಂಥ ಚುರುಕಾಗಿ ಈಜುವ ಮೀನಿನಲ್ಲಿ 6ರ ಆಸುಪಾಸಿಗೆ ಬಂದುಬಿಡಬಹುದು. ಮಯೋಸಿನ್ ಅತಿ ಕಡಿಮೆ ಕರಗುವುದು ಪಿಹೆಚ್ 5.5ರ ಹತ್ತಿರ. ಅಂದರೆ ಹಳೆಯ ಮೀನಿನಲ್ಲಿ ಕರಗುವ ಪ್ರೋಟೀನ್ ಮೊದಲೇ ಕಡಿಮೆಯಾಗಿರುತ್ತದೆ. ಅದಕ್ಕೆ ಬಫರನ್ನು ದೂರಿ ಪ್ರಯೋಜನವಿಲ್ಲ.

ಮಾಂಸ ತೆಗೆಯುವಾಗ ಬೆನ್ನಿನ ಬಿಳಿ ಭಾಗವನ್ನಷ್ಟೇ ತೆಗೆಯಿರಿ. ಚರ್ಮದ ಕೆಳಗೆ ಪಕ್ಕೆಯುದ್ದಕ್ಕೂ ಕಂದುಗೆಂಪು ಪಟ್ಟಿ ಇರುತ್ತದಲ್ಲ, ಅದು ಬೇರೆಯೇ ಮಾಂಸ. ಅದರಲ್ಲಿ ಮಯೋಗ್ಲೋಬಿನ್ ಮತ್ತು ಕೊಬ್ಬು ಎರಡೂ ಜಾಸ್ತಿ. ಒಂದು ಟ್ಯೂಬಿಗೆ ಅದು ಸೇರಿ ಇನ್ನೊಂದಕ್ಕೆ ಸೇರದಿದ್ದರೆ ಹೋಲಿಕೆ ಅಲ್ಲೇ ಹಾಳಾಯಿತು. 1 ಗ್ರಾಂ ತುಂಡುಗಳಾಗಿ ಕತ್ತರಿಸಿ, ದ್ರವ ಸಾರಜನಕದಲ್ಲಿ ಅದ್ದಿ, ಮೈನಸ್ 80 ಡಿಗ್ರಿಯಲ್ಲಿಡಿ. ಸಣ್ಣ ತುಂಡಾಗಿಟ್ಟರೆ ಬೇಕಾದ್ದನ್ನಷ್ಟೇ ತೆಗೆಯಬಹುದು. ಇಡೀ ಮೀನನ್ನು ಕರಗಿಸಿ ಮತ್ತೆ ಗಟ್ಟಿ ಮಾಡುವ ಕಷ್ಟ ಇರುವುದಿಲ್ಲ.

ಮೈನಸ್ 20 ಫ್ರೀಜರ್ ಮಾತ್ರ ಇದೆ. ಸಾಲದಾ?

ಒಂದೆರಡು ವಾರಕ್ಕೆ ಸಾಕು. ತಿಂಗಳುಗಟ್ಟಲೆ ಇಟ್ಟರೆ ಮಯೋಸಿನ್ ನಿಧಾನವಾಗಿ ಒಂದಕ್ಕೊಂದು ಅಂಟಿಕೊಂಡು ಉಪ್ಪಿನ ಬಫರಿಗೆ ಬರದಂತೆ ಆಗುತ್ತದೆ. ಅರಣೆ ಮೀನಿನಲ್ಲಿ ಇದು ಇನ್ನೂ ಬೇಗ. ಅದರ ಮಾಂಸದಲ್ಲಿರುವ ಕಿಣ್ವ ಟ್ರೈಮಿಥೈಲಮೈನ್ ಆಕ್ಸೈಡನ್ನು ಒಡೆದು ಫಾರ್ಮಾಲ್ಡಿಹೈಡ್ ಮಾಡುತ್ತದೆ, ಅದು ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದುಬಿಡುತ್ತದೆ. ಯಾರೂ ಹೊರಗಿಂದ ಏನೂ ಹಾಕದಿದ್ದರೂ ಫ್ರೀಜರಿನಲ್ಲೇ ಇದು ನಡೆಯುತ್ತದೆ.

ನನಗೇ ಆದದ್ದನ್ನು ಹೇಳುತ್ತೇನೆ. ಒಂದು ಮಳೆಗಾಲ ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಫ್ರೀಜರಿನ ತಳದಲ್ಲಿ ಗುಲಾಬಿ ಬಣ್ಣದ ನೀರು ನಿಂತಿತ್ತು. ಮಾಂಸ ಇನ್ನೂ ತಣ್ಣಗಿದೆ, ವಾಸನೆಯೂ ಇಲ್ಲ, ಏನೂ ಆಗಿರಲಿಕ್ಕಿಲ್ಲ ಅಂದುಕೊಂಡು ಮತ್ತೆ ಗಟ್ಟಿ ಮಾಡಿ ಬಳಸಿದೆ. ಜೆಲ್ (ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಗೆರೆಗಳಾಗಿ ಬೇರ್ಪಡಿಸುವ ಪರೀಕ್ಷೆ) ಓಡಿಸಿದಾಗ 200 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ದಪ್ಪಗೆ ಕಾಣಬೇಕಾದ ಮಯೋಸಿನ್ ಹೆವಿ ಚೈನ್ ಮಂಕಾಗಿತ್ತು. ಅದರ ಕೆಳಗೆ 100ರಿಂದ 150ರ ನಡುವೆ ಹಿಂದೆಂದೂ ಇಲ್ಲದ ನಾಲ್ಕೈದು ಗೆರೆಗಳು. ಆ ಗುಲಾಬಿ ನೀರಿನಲ್ಲಿ ಸೋರಿ ಹೋದದ್ದು ಸಾರ್ಕೊಪ್ಲಾಸ್ಮಿಕ್ ಪ್ರೋಟೀನ್. ಎರಡು ತಿಂಗಳ ಸ್ಯಾಂಪಲ್ ಎಲ್ಲವನ್ನೂ ಬಿಸಾಡಬೇಕಾಯಿತು. ಅಂದಿನಿಂದ ಕರಗಿದ ಮಾಂಸವನ್ನು ನಾನು ಯಾವ ಕಾರಣಕ್ಕೂ ಬಳಸಿಲ್ಲ.

ಒಂದೊಂದಾಗಿ ಮೂರೂ ಭಾಗ ತೆಗೆಯುವುದು ಹೇಗೆ?

ಇದು ನನಗೆ ಅತ್ಯಂತ ಇಷ್ಟದ ವಿಧಾನ. ನಿಧಾನ, ಆದರೆ ಮೀನಿನ ಬಗ್ಗೆ ಹೆಚ್ಚು ಕಲಿಸುತ್ತದೆ.

1 ಗ್ರಾಂ ಮಾಂಸಕ್ಕೆ 10 ಮಿ.ಲೀ. ತಣ್ಣನೆಯ ಫಾಸ್ಫೇಟ್ ಬಫರ್ ಹಾಕಿ. 20 ಮಿಲಿಮೋಲಾರ್, ಪಿಹೆಚ್ 7.2. ಟ್ಯೂಬ್ ಐಸಿನಲ್ಲೇ ಇರಲಿ. ಮಾಂಸ ಅರೆಯುವ ಹೋಮೋಜಿನೈಸರನ್ನು 15 ಸೆಕೆಂಡ್ ಓಡಿಸಿ, ಅರ್ಧ ನಿಮಿಷ ನಿಲ್ಲಿಸಿ, ಹೀಗೆ ಮೂರು ಸಲ. ಒಂದೇ ಸಮನೆ ಓಡಿಸಿದರೆ ನೊರೆ ಬರುತ್ತದೆ. ನೊರೆ ಬಂತೆಂದರೆ ಪ್ರೋಟೀನ್ ಬಿಚ್ಚಿಕೊಂಡು ಹಾಳಾಗುತ್ತಿದೆ ಎಂದರ್ಥ. ಈ ಹಂತದಲ್ಲಿ ಒಮ್ಮೆ ಪಿಹೆಚ್ ನೋಡಿ. ಬಂಗುಡೆಯ ಮಾಂಸ ಹುಳಿಯಾಗಿದ್ದರೆ 20 ಮಿಲಿಮೋಲಾರ್ ಬಫರ್ ಅದನ್ನು ತಡೆಯುವುದಿಲ್ಲ, 6.5ಕ್ಕೆ ಇಳಿದಿರುವುದನ್ನು ನಾನು ಕಂಡಿದ್ದೇನೆ. ಇಳಿದಿದ್ದರೆ ತಣ್ಣನೆಯ ಕ್ಷಾರವನ್ನು ಹನಿಹನಿಯಾಗಿ ಹಾಕಿ ಸರಿಮಾಡಿ.

ಆಮೇಲೆ 4 ಡಿಗ್ರಿಯಲ್ಲಿ 10,000 ಜಿ ವೇಗದಲ್ಲಿ 20 ನಿಮಿಷ ಸೆಂಟ್ರಿಫ್ಯೂಜ್. ಸೆಂಟ್ರಿಫ್ಯೂಜಿನ ರೋಟರನ್ನು ಅರ್ಧ ಗಂಟೆ ಮೊದಲೇ ತಂಪು ಮಾಡಿಡಿ. ಪರದೆಯಲ್ಲಿ 4 ಅಂತ ತೋರಿಸಿದರೂ ಒಳಗಿನ ಲೋಹ ಬೆಚ್ಚಗಿರಬಹುದು. ಹೊರತೆಗೆದಾಗ ಟ್ಯೂಬಿನಲ್ಲಿ ಮೂರು ಪದರ ಕಾಣುತ್ತದೆ. ಮೇಲೆ ತೆಳ್ಳನೆಯ ಬಿಳಿ ಕೊಬ್ಬು, ನಡುವೆ ನಸುಗೆಂಪು ತಿಳಿ, ಕೆಳಗೆ ಬೂದುಬಿಳಿ ಪೆಲೆಟ್, ಅಂದರೆ ತಳದಲ್ಲಿ ಕೂತ ಗಟ್ಟಿ ಭಾಗ. ಕೊಬ್ಬನ್ನು ಮುಟ್ಟದೆ ಪಿಪೆಟ್ ತುದಿಯನ್ನು ಗೋಡೆಯುದ್ದಕ್ಕೆ ಇಳಿಸಿ ನಡುವಿನ ತಿಳಿಯನ್ನು ಎಳೆದುಕೊಳ್ಳಿ. ಇದು ಸಾರ್ಕೊಪ್ಲಾಸ್ಮಿಕ್. ಪೆಲೆಟ್ಟಿಗೆ ಅದೇ ಬಫರ್ ಹಾಕಿ ಇನ್ನೊಮ್ಮೆ ತೊಳೆಯಿರಿ, ಎರಡೂ ತಿಳಿಗಳನ್ನು ಸೇರಿಸಿ.

ಉಳಿದ ಪೆಲೆಟ್ಟಿಗೆ 0.6 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಇರುವ, ಪಿಹೆಚ್ 7ರ ಬಫರ್ 10 ಮಿ.ಲೀ. ಹಾಕಿ ಮತ್ತೆ ಅರೆಯಿರಿ. ಈಗ ದ್ರವ ಮಂದವಾಗುತ್ತದೆ, ಅಂಟಂಟಾಗುತ್ತದೆ. ಮೊದಲ ಸಲ ನೋಡಿದವರು ಏನೋ ತಪ್ಪಾಯಿತು ಅಂತ ಹೆದರುತ್ತಾರೆ. ತಪ್ಪಲ್ಲ, ಆಕ್ಟೊಮಯೋಸಿನ್ ಕರಗಿದ ಗುರುತು ಅದು. ಒಂದು ಗಂಟೆ ತಣ್ಣಗೆ ನಿಧಾನವಾಗಿ ಕಲಕಿ, ಸೆಂಟ್ರಿಫ್ಯೂಜ್ ಮಾಡಿ. ಮೇಲಿನ ತಿಳಿಗೆ ಹತ್ತು ಪಾಲು ತಣ್ಣೀರು ಬೆರೆಸಿದರೆ ಉಪ್ಪು ಕಡಿಮೆಯಾಗಿ ಬಿಳಿ ಎಳೆಗಳು ಮೋಡದಂತೆ ಬೇರ್ಪಡುತ್ತವೆ. ಅದನ್ನು ಹಿಡಿದಿಟ್ಟರೆ ಆಕ್ಟೊಮಯೋಸಿನ್ ಸಾಕಷ್ಟು ಶುದ್ಧವಾಗಿ ಸಿಗುತ್ತದೆ.

ಕೊನೆಯ ಪೆಲೆಟ್ಟಿಗೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್. ಉಪ್ಪಿಗೆ ಬರದೆ ಉಳಿದ, ಹಾಳಾದ ಮಯೋಸಿನ್ ಎಲ್ಲ ಇದಕ್ಕೆ ಬರುತ್ತದೆ. ಆಮೇಲೂ ಉಳಿಯುವುದು ಸ್ಟ್ರೋಮಾ. ಫ್ರೀಜರಿನಲ್ಲಿ ಹಳೆಯದಾದ ಮೀನಿನಲ್ಲಿ ಉಪ್ಪಿನ ಭಾಗ ಇಳಿದು ಕ್ಷಾರದ ಭಾಗ ಏರುತ್ತದೆ. ಮೀನಿನ ಗುಣಮಟ್ಟ ಅಳೆಯಲು ಉಪ್ಪಿಗೆ ಬರುವ ಪ್ರೋಟೀನನ್ನೇ ನೋಡುವ ಪದ್ಧತಿ ಹಳೆಯದು. ಕೆನಡಾದಲ್ಲಿ ಡೈಯರ್ ಮತ್ತು ಜೊತೆಗಾರರು 1950ರಲ್ಲೇ 5 ಶೇಕಡಾ ಉಪ್ಪಿನ ದ್ರಾವಣದಿಂದ ಇದನ್ನು ಮಾಡಿದ್ದರು.

ಹೋಮೋಜಿನೈಸರ್ ಇಲ್ಲ. ಮಿಕ್ಸಿ ನಡೆಯುತ್ತದಾ?

ಮಿಕ್ಸಿ ಬೇಡ, ಬಿಸಿಯಾಗುತ್ತದೆ, ನೊರೆ ಬರುತ್ತದೆ. ಗಟ್ಟಿಯಾಗಿರುವ ಮಾಂಸವನ್ನು ಪಿಂಗಾಣಿಯ ಕಲ್ಬತ್ತಿನಲ್ಲಿ ದ್ರವ ಸಾರಜನಕ ಹಾಕಿ ಕುಟ್ಟಿ ಹಿಟ್ಟು ಮಾಡಿ. ಮೈನಸ್ 196 ಡಿಗ್ರಿಯಲ್ಲಿ ಮಾಂಸ ಗಾಜಿನ ಹಾಗೆ ಪುಡಿಯಾಗುತ್ತದೆ. ನಿಜ ಹೇಳಬೇಕೆಂದರೆ ಯಂತ್ರಕ್ಕಿಂತ ಇದೇ ಒಂದು ಕೈ ಮೇಲು, ಪುಡಿ ಎಲ್ಲ ಕಡೆ ಒಂದೇ ಸಮ ಇರುತ್ತದೆ. ಕನ್ನಡಕ, ದಪ್ಪ ಕೈಗವಸು ಮರೆಯಬೇಡಿ, ಕಿಟಕಿ ತೆರೆದಿಡಿ.

ರೆಡಿಮೇಡ್ ರಿಪಾ ಬಫರ್ ಇದೆ. ಅದನ್ನೇ ಹಾಕಿದರೆ?

ರಿಪಾ ಹುಟ್ಟಿದ್ದು ಕಲ್ಚರ್ ಮಾಡಿದ ಜೀವಕೋಶಗಳಿಗೆ. ಅದರಲ್ಲಿ ಉಪ್ಪು 150 ಮಿಲಿಮೋಲಾರ್ ಅಷ್ಟೇ, ಜೊತೆಗೆ ಸೋಪಿನ ಥರದ ಮೂರು ಡಿಟರ್ಜೆಂಟ್, ಎನ್‌ಪಿ 40, ಸೋಡಿಯಂ ಡಿಆಕ್ಸಿಕೋಲೇಟ್, 0.1 ಶೇಕಡಾ ಎಸ್‌ಡಿಎಸ್. ಈ ಉಪ್ಪಿನಲ್ಲಿ ಮಯೋಸಿನ್ ಕರಗುವುದಿಲ್ಲ, ಎಳೆಗಳಾಗಿ ಗುಂಪುಗೂಡುತ್ತದೆ. ಹಾಗಾಗಿ ಸ್ನಾಯುವಿನಿಂದ ರಿಪಾ ಹಾಕಿ ತೆಗೆದರೆ ದೊಡ್ಡ ಪಾಲು ಪೆಲೆಟ್ಟಿನಲ್ಲೇ ಉಳಿಯುತ್ತದೆ. ಪಿತ್ತಕೋಶದ ಪಕ್ಕದ ಲಿವರ್, ಕಿವಿರು, ಕಿಡ್ನಿ ಇವುಗಳಿಗೆ ರಿಪಾ ಚೆನ್ನಾಗಿ ಒಗ್ಗುತ್ತದೆ. ಸಿಗ್ನಲಿಂಗ್ ಪ್ರೋಟೀನ್ ಹುಡುಕಿ ವೆಸ್ಟರ್ನ್ ಬ್ಲಾಟ್ (ಆಂಟಿಬಾಡಿಯಿಂದ ಒಂದು ಪ್ರೋಟೀನನ್ನು ಗುರುತಿಸುವ ಪರೀಕ್ಷೆ) ಮಾಡುವವರಿಗೆ ಸ್ನಾಯುವಿನಲ್ಲೂ ಅದು ಒಂದು ಲಾಭವೇ, ಏಕೆಂದರೆ ಮಯೋಸಿನ್ ಹಿಂದೆ ಉಳಿದುಬಿಡುತ್ತದೆ. ಆದರೆ ಅದನ್ನು "ಒಟ್ಟು ಪ್ರೋಟೀನ್" ಅಂತ ಮಾತ್ರ ಬರೆಯಬೇಡಿ.

ಹಾಗಾದರೆ ಒಟ್ಟು ಪ್ರೋಟೀನ್ ತೆಗೆಯಲು ಯಾವುದು?

ಜೆಲ್ ಮಾತ್ರ ಸಾಕು ಅಂದರೆ 2 ಶೇಕಡಾ ಎಸ್‌ಡಿಎಸ್ ಹಾಕಿ 95 ಡಿಗ್ರಿಯಲ್ಲಿ 5 ನಿಮಿಷ ಕುದಿಸಿ. ಇದಕ್ಕಿಂತ ಸರಳ ದಾರಿ ಇಲ್ಲ. ಕಿಣ್ವಗಳೂ ಆ ಬಿಸಿಗೆ ನಿಂತುಹೋಗುತ್ತವೆ. ಡಿಎನ್‌ಎಯಿಂದ ಲೋಳೆಲೋಳೆಯಾದರೆ ಸ್ವಲ್ಪ ಸೋನಿಕೇಟ್ ಮಾಡಿ (ಶಬ್ದದ ಅಲೆಗಳಿಂದ ಒಡೆಯಿರಿ). ಲೆಮ್ಲಿ 1970ರಲ್ಲಿ ಕೊಟ್ಟ ಜೆಲ್ ಪದ್ಧತಿ ಇವತ್ತಿಗೂ ಎಲ್ಲ ಲ್ಯಾಬುಗಳಲ್ಲಿ ನಡೆಯುತ್ತಿದೆ. ಮಯೋಸಿನ್, 42ರ ಹತ್ತಿರ ಆಕ್ಟಿನ್, ಅದರ ಕೆಳಗೆ ಟ್ರೋಪೊಮಯೋಸಿನ್, ತಳದಲ್ಲಿ ಪಾರ್ವಾಲ್ಬುಮಿನ್, ಎಲ್ಲ ಒಂದೇ ಸಾಲಿನಲ್ಲಿ ಕಾಣುತ್ತವೆ.

ಎರಡು ಆಯಾಮದ ಜೆಲ್ (ಮೊದಲು ಆವೇಶದ, ಆಮೇಲೆ ಗಾತ್ರದ ಪ್ರಕಾರ ಬೇರ್ಪಡಿಸುವುದು) ಮಾಡುವುದಿದ್ದರೆ ಎಸ್‌ಡಿಎಸ್ ಬೇಡ, ಅದು ಪ್ರೋಟೀನಿಗೆ ತನ್ನ ವಿದ್ಯುತ್ ಆವೇಶ ಅಂಟಿಸಿಬಿಡುತ್ತದೆ. ಆಗ 7 ಮೋಲಾರ್ ಯೂರಿಯಾ, 2 ಮೋಲಾರ್ ಥಯೋಯೂರಿಯಾ, 4 ಶೇಕಡಾ ಚಾಪ್ಸ್ (ಆವೇಶ ಅಂಟಿಸದ ಡಿಟರ್ಜೆಂಟ್), ಡಿಟಿಟಿ (ಪ್ರೋಟೀನಿನ ಗಂಧಕದ ಕೊಂಡಿ ಬಿಡಿಸುವಂಥದ್ದು) ಇರುವ ಬಫರ್ ಬೇಕು. ಥಯೋಯೂರಿಯಾ ಸೇರಿಸಿದರೆ ನೀರಿಗೆ ಒಲ್ಲದ ಪ್ರೋಟೀನುಗಳೂ ಬರುತ್ತವೆ. ಒಂದೇ ಎಚ್ಚರಿಕೆ, ಯೂರಿಯಾ ಇರುವ ಟ್ಯೂಬನ್ನು 37 ಡಿಗ್ರಿ ದಾಟಿ ಬಿಸಿ ಮಾಡಲೇಬೇಡಿ. ಯೂರಿಯಾ ಒಡೆದು ಪ್ರೋಟೀನಿಗೆ ಕಾರ್ಬಮೈಲ್ ಗುಂಪು ಅಂಟಿಸುತ್ತದೆ. ಆಮೇಲೆ ಒಂದು ಚುಕ್ಕೆ ಇರಬೇಕಾದ ಕಡೆ ಸರಮಾಲೆಯ ಹಾಗೆ ನಾಲ್ಕು ಚುಕ್ಕೆ ಬರುತ್ತವೆ.

ಈ ಎರಡೂ ಬಫರುಗಳು ಪ್ರೋಟೀನನ್ನು ಬಿಚ್ಚಿಹಾಕುತ್ತವೆ. ಕಿಣ್ವದ ಚಟುವಟಿಕೆ ಅಳೆಯುವವರಿಗೆ ಇವು ಕೆಲಸಕ್ಕೆ ಬಾರವು.

ಟಿಸಿಎ ಅಸಿಟೋನ್ ಮಾಡಿದೆ, ಪೆಲೆಟ್ ಕರಗುತ್ತಲೇ ಇಲ್ಲ!

ಇದು ನಾನು ಅತಿ ಹೆಚ್ಚು ಕೇಳಿದ ದೂರು. ಸಾಮಾನ್ಯವಾಗಿ ಕಾರಣ ಒಂದೇ, ಪೆಲೆಟ್ ಅತಿಯಾಗಿ ಒಣಗಿರುತ್ತದೆ.

10 ಶೇಕಡಾ ಟಿಸಿಎ (ಟ್ರೈಕ್ಲೋರೊಅಸಿಟಿಕ್ ಆಮ್ಲ) ಇರುವ ತಣ್ಣನೆಯ ಅಸಿಟೋನಿನಲ್ಲಿ ಪ್ರೋಟೀನ್ ತಳಕ್ಕೆ ಇಳಿಯುತ್ತದೆ, ಕೊಬ್ಬು, ಉಪ್ಪು, ಬಣ್ಣ ಎಲ್ಲ ಅಸಿಟೋನಿನ ಜೊತೆ ಹೋಗುತ್ತವೆ. ಕಿಣ್ವಗಳೂ ಆ ಕ್ಷಣವೇ ಸುಮ್ಮನಾಗುತ್ತವೆ. ಬಂಗುಡೆಗೆ ಇದು ತುಂಬಾ ಒಳ್ಳೆಯದು. ಆದರೆ ಉಳಿದ ಟಿಸಿಎ ಹೋಗುವವರೆಗೆ ಬರೀ ಅಸಿಟೋನಿನಿಂದ ಎರಡು ಮೂರು ಸಲ ತೊಳೆಯಬೇಕು. ಆಮೇಲೆ ಟ್ಯೂಬಿನ ಬಾಯಿ ತೆರೆದು ಐದು ಹತ್ತು ನಿಮಿಷ ಇಟ್ಟರೆ ಸಾಕು. ಅಂಚು ಬೆಳ್ಳಗಾಗಿ ನಡುವೆ ಇನ್ನೂ ಸ್ವಲ್ಪ ಪಸೆ ಇರುವಾಗಲೇ ಯೂರಿಯಾ ಬಫರ್ ಹಾಕಿ. ಬಿರುಕುಬಿಟ್ಟ ಸುಣ್ಣದ ಪುಡಿಯಂತಾದರೆ ಮತ್ತೆ ಕರಗಿಸುವುದು ಬಹಳ ಕಷ್ಟ. ಕರಗದೆ ಉಳಿದದ್ದು ಯಾವ ಪ್ರೋಟೀನೋ ಗೊತ್ತಿಲ್ಲದ ಕಾರಣ ಹೋಲಿಕೆಯಲ್ಲಿ ಅದು ಕಾಣದ ನಷ್ಟವಾಗಿ ಸೇರುತ್ತದೆ.

ಕರಗಿದ ಸಾರದಿಂದ ಸ್ವಲ್ಪವೇ ಪ್ರೋಟೀನ್ ಹಿಡಿಯಬೇಕು ಅಂದರೆ ವೆಸೆಲ್ ಮತ್ತು ಫ್ಲ್ಯೂಗೆ 1984ರಲ್ಲಿ ಹೇಳಿದ ಮೆಥನಾಲ್ ಕ್ಲೋರೊಫಾರ್ಮ್ ದಾರಿ ನೋಡಿ. 1 ಪಾಲು ಸ್ಯಾಂಪಲ್, 4 ಮೆಥನಾಲ್, 1 ಕ್ಲೋರೊಫಾರ್ಮ್, 3 ನೀರು. ಎರಡು ದ್ರವಗಳ ನಡುವೆ ಹಪ್ಪಳದಂತೆ ತೆಳ್ಳಗೆ ಬಿಳಿ ಪದರ ನಿಲ್ಲುತ್ತದೆ, ಅದೇ ನಿಮ್ಮ ಪ್ರೋಟೀನ್.

ಟ್ರೈಜಾಲಿನಿಂದ ಆರ್‌ಎನ್‌ಎ ತೆಗೆದು ಉಳಿದದ್ದರಲ್ಲಿ ಪ್ರೋಟೀನ್ ಸಿಗುತ್ತದಂತೆ, ಹೌದಾ?

ಹೌದು, ಟ್ರೈಜಾಲ್ ಎಂಬ ಫೀನಾಲ್ ದ್ರಾವಣ ಪದರಗಳಾಗಿ ಬೇರ್ಪಟ್ಟಾಗ ಪ್ರೋಟೀನ್ ಫೀನಾಲ್ ಭಾಗದಲ್ಲಿ ಇರುತ್ತದೆ. ಐಸೊಪ್ರೊಪನಾಲ್ ಹಾಕಿ ಇಳಿಸಿ, ಗ್ವಾನಿಡಿನ್ ಇರುವ ಎಥನಾಲಿನಿಂದ ತೊಳೆದು, 1 ಶೇಕಡಾ ಎಸ್‌ಡಿಎಸ್‌ನಲ್ಲಿ ಕರಗಿಸಬೇಕು. ಪೆಲೆಟ್ ಹಟ ಹಿಡಿಯುತ್ತದೆ. ಒಂದೇ ತುಂಡಿನಿಂದ ಆರ್‌ಎನ್‌ಎ, ಪ್ರೋಟೀನ್ ಎರಡೂ ಬೇಕು, ಮಾಂಸ ಮಿಲಿಗ್ರಾಂ ಲೆಕ್ಕದಲ್ಲಿದೆ ಅಂದರೆ ಮಾತ್ರ ಮಾಡಿ. ಮಾಂಸ ಬೇಕಾದಷ್ಟು ಇದ್ದರೆ ಎರಡು ತುಂಡು ತೆಗೆದುಕೊಳ್ಳಿ.

ಮೀನಿನ ಅಲರ್ಜಿಯ ಪ್ರೋಟೀನ್ ತೆಗೆಯಬೇಕು. ಯಾವ ಬಫರ್?

ಮೀನಿನ ಅಲರ್ಜಿಯಲ್ಲಿ ಮುಖ್ಯ ಹೆಸರು ಪಾರ್ವಾಲ್ಬುಮಿನ್. 10ರಿಂದ 12 ಕಿಲೋಡಾಲ್ಟನ್‌ನ ಪುಟ್ಟ ಪ್ರೋಟೀನ್, ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಬಿಳಿ ಮಾಂಸದಲ್ಲಿ ಜಾಸ್ತಿ. ಅದಕ್ಕೆ ದುಬಾರಿ ಕಿಟ್ ಏನೂ ಬೇಡ. ಮೇಲೆ ಹೇಳಿದ ಫಾಸ್ಫೇಟ್ ತಿಳಿಯನ್ನು 90 ಡಿಗ್ರಿಯಲ್ಲಿ 10 ನಿಮಿಷ ಇಡಿ. ಮೀನು ಸಾರು ಕುದಿಯುವಾಗ ಮೇಲೆ ಬಿಳಿ ಚೂರುಚೂರು ತೇಲುತ್ತದಲ್ಲ, ಹಾಗೆಯೇ ಉಳಿದ ಪ್ರೋಟೀನುಗಳು ಗಟ್ಟಿಯಾಗಿ ಬೇರ್ಪಡುತ್ತವೆ. ಪಾರ್ವಾಲ್ಬುಮಿನ್ ಬಿಸಿಗೆ ಬಗ್ಗದೆ ತಿಳಿಯಲ್ಲೇ ಉಳಿಯುತ್ತದೆ. ಬೇಯಿಸಿದ ಮೀನು ತಿಂದರೂ ಅಲರ್ಜಿ ಆಗುವುದು ಇದರಿಂದಲೇ.

ಇಲ್ಲಿ ಇಡಿಟಿಎ ಹಾಕಬೇಡಿ. ಅದು ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ, ಪ್ರೋಟೀನಿನ ಆಕಾರ ಬದಲಾಗುತ್ತದೆ, ಕೆಲವು ಆಂಟಿಬಾಡಿಗಳು ಆಗ ಅದನ್ನು ಗುರುತಿಸುವುದೇ ಇಲ್ಲ.

ಇನ್ನೊಂದು ಮಾತು. ಗೆಂಡೆ ಮೀನಿನ ಪಾರ್ವಾಲ್ಬುಮಿನ್‌ನಲ್ಲಿ 280 ನ್ಯಾನೊಮೀಟರ್ ಬೆಳಕು ಹೀರುವ ಅಮೈನೊ ಆಮ್ಲಗಳಾದ ಟ್ರಿಪ್ಟೊಫಾನ್, ಟೈರೊಸಿನ್ ಎರಡೂ ಇಲ್ಲ. ಆ ಬೆಳಕಿನಲ್ಲಿ ಅಳೆದರೆ ಏನೂ ಇಲ್ಲವೇನೋ ಎನ್ನುವಂತೆ ತೋರಿಸುತ್ತದೆ. ಆರ್ಜಿನೈನ್ ಕೂಡ ತೀರಾ ಕಡಿಮೆ ಇರುವುದರಿಂದ, ಬಣ್ಣ ಅಂಟಿಸಿ ಪ್ರೋಟೀನ್ ಅಳೆಯುವ ಬ್ರಾಡ್‌ಫರ್ಡಿನಲ್ಲೂ ಬಣ್ಣ ಸರಿಯಾಗಿ ಏರುವುದಿಲ್ಲ. ಜೆಲ್ಲಿನಲ್ಲಿ ಗೆರೆ ದಪ್ಪಗಿದ್ದು ರೀಡಿಂಗ್ ಮಾತ್ರ ಕಡಿಮೆ ಬಂದರೆ ಗಾಬರಿಯಾಗಬೇಡಿ.

ಚರ್ಮ, ಹುರುಪೆಯಿಂದ ಕೊಲಾಜೆನ್?

ಅದು ದಿನಗಟ್ಟಲೆ ತೆಗೆದುಕೊಳ್ಳುವ ಕೆಲಸ. ಮೊದಲು 0.1 ಮೋಲಾರ್ ಕ್ಷಾರದಲ್ಲಿ ನೆನೆಸಿ ಬೇರೆ ಪ್ರೋಟೀನ್ ಕಳೆಯಬೇಕು, 10 ಶೇಕಡಾ ಬ್ಯುಟನಾಲಿನಿಂದ ಕೊಬ್ಬು ಕಳೆಯಬೇಕು, ಆಮೇಲೆ 0.5 ಮೋಲಾರ್ ಅಸಿಟಿಕ್ ಆಮ್ಲ. ಕರಗದೆ ಉಳಿದದ್ದಕ್ಕೆ ಪೆಪ್ಸಿನ್ ಹಾಕಿದರೆ ಇನ್ನಷ್ಟು ಬರುತ್ತದೆ. ಎಲ್ಲವೂ 4 ಡಿಗ್ರಿಯಲ್ಲೇ ನಡೆಯಬೇಕು. ಮೀನಿನ ಕೊಲಾಜೆನ್ ದನ, ಹಂದಿಯದ್ದಕ್ಕಿಂತ ಕಡಿಮೆ ಬಿಸಿಗೆ ಬಿಚ್ಚಿಕೊಂಡು ಜೆಲಟಿನ್ ಆಗುತ್ತದೆ. ತಣ್ಣೀರಿನ ಮೀನುಗಳದ್ದು ಇನ್ನೂ ಬೇಗ. ನಮ್ಮ ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಟೇಬಲ್ ಮೇಲೆ ಬಿಟ್ಟರೆ ಮುಗಿಯಿತು.

ಕಿಲೋಗಟ್ಟಲೆ ಪ್ರೋಟೀನ್ ಬೇಕಿದ್ದರೆ?

ಆಗ ಪಿಹೆಚ್ ಬದಲಿಸುವ ವಿಧಾನ. ಅರೆದ ಮಾಂಸಕ್ಕೆ 9 ಪಾಲು ತಣ್ಣೀರು ಬೆರೆಸಿ, ಪಿಹೆಚ್ ಅನ್ನು 11ರ ಹತ್ತಿರ ಏರಿಸಿ, ಇಲ್ಲವೇ 2.5ರಿಂದ 3ಕ್ಕೆ ಇಳಿಸಿ. ಉಪ್ಪಿಲ್ಲದೆಯೇ ಮಯೋಸಿನ್ ಕೂಡ ಕರಗಿಬಿಡುತ್ತದೆ. ಸೆಂಟ್ರಿಫ್ಯೂಜ್ ಮಾಡಿದರೆ ಕೊಬ್ಬು ಮೇಲೆ, ಮುಳ್ಳು ಚರ್ಮ ಕೆಳಗೆ. ನಡುವಿನ ದ್ರವವನ್ನು 5.5ಕ್ಕೆ ತಂದರೆ ಪ್ರೋಟೀನ್ ಮೊಸರಿನ ಹಾಗೆ ಒಡೆದು ಕೂರುತ್ತದೆ. ಬಂಗುಡೆ, ಬೂತಾಯಿಗೆ ನಾನು ಕ್ಷಾರವನ್ನೇ ಆರಿಸುತ್ತೇನೆ. ಆಮ್ಲದಲ್ಲಿ ಹಿಮೋಗ್ಲೋಬಿನ್ ಕೊಬ್ಬನ್ನು ಬೇಗ ಕಮಟು ಹಿಡಿಸುತ್ತದೆ, ಬಣ್ಣವೂ ಕೆಡುತ್ತದೆ.

ಮದ್ಮಲ್ ಮೀನಿನಿಂದ ಸುರಿಮಿ (ಅರೆದು ತೊಳೆದ ಮೀನಿನ ಮಾಂಸದ ಮುದ್ದೆ) ಮಾಡುವಾಗ ತಣ್ಣೀರಲ್ಲಿ ತೊಳೆದು ತೊಳೆದು ಸಾರ್ಕೊಪ್ಲಾಸ್ಮಿಕ್ ಭಾಗವನ್ನು ಚೆಲ್ಲಿಬಿಡುತ್ತಾರೆ, ಮುದ್ದೆ ಗಟ್ಟಿಯಾಗಿ ಹೆಪ್ಪುಗಟ್ಟಲಿ ಎಂದು. ಪಿಹೆಚ್ ವಿಧಾನದಲ್ಲಿ ಆ ಭಾಗವೂ ಬಹುಪಾಲು ಉಳಿಯುತ್ತದೆ. ಹಾಗಾಗಿ ಒಟ್ಟು ಇಳುವರಿ ಜಾಸ್ತಿ. ಆದರೆ ಮಯೋಸಿನ್ ಸ್ವಲ್ಪ ಮಟ್ಟಿಗೆ ಬಿಚ್ಚಿಕೊಂಡಿರುತ್ತದೆ, ಮೊದಲಿನ ಹಾಗೆ ಇರುವುದಿಲ್ಲ.

ಪಿಎಂಎಸ್‌ಎಫ್ ಹಾಕಿದರೂ ಪ್ರೋಟೀನ್ ತುಂಡಾಗುತ್ತಿದೆ. ಯಾಕೆ?

ಬಾಟಲಿ ಬಫರಿಗೆ ಬೆಳಿಗ್ಗೆಯೇ ಸೇರಿಸಿಟ್ಟಿದ್ದಿರಾ? ಪಿಎಂಎಸ್‌ಎಫ್ (ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯುವ ರಾಸಾಯನಿಕ) ನೀರಿನಲ್ಲಿ ಬಾಳುವುದಿಲ್ಲ. 25 ಡಿಗ್ರಿಯಲ್ಲಿ, ಪಿಹೆಚ್ 8ರಲ್ಲಿ ಸುಮಾರು ಅರ್ಧ ಗಂಟೆಯಲ್ಲೇ ಅರ್ಧದಷ್ಟು ಹೋಗಿರುತ್ತದೆ. ಐಸೊಪ್ರೊಪನಾಲಿನಲ್ಲಿ 100 ಮಿಲಿಮೋಲಾರ್ ಮಾಡಿಟ್ಟುಕೊಳ್ಳಿ, ಅಂದರೆ 1 ಮಿ.ಲೀ.ಗೆ 17.4 ಮಿ.ಗ್ರಾಂ. ಅರೆಯುವ ಕ್ಷಣಕ್ಕೆ 1 ಮಿಲಿಮೋಲಾರ್ ಆಗುವಂತೆ ಸೇರಿಸಿ. ವಿಷ ಅದು, ಕೈಗವಸು ಬೇಕೇ ಬೇಕು. ಅಲ್ಲದೆ ಅದು ತಡೆಯುವುದು ಮುಖ್ಯವಾಗಿ ಸೆರಿನ್ ಪ್ರೋಟಿಯೇಸುಗಳನ್ನು. ಮೀನಿನ ಸ್ನಾಯುವಿನ ಕ್ಯಾಥೆಪ್ಸಿನ್ ಬಿ, ಎಲ್ ಸಿಸ್ಟೀನ್ ಬಗೆಯವು, ಅವಕ್ಕೆ ಇ 64 ಥರದ್ದು ಬೇಕು.

ಬ್ರಾಡ್‌ಫರ್ಡ್, ಲೌರಿ, ಬಿಸಿಎ: ಯಾವುದರಲ್ಲಿ ಅಳೆಯಲಿ?

ಇವೆಲ್ಲ ಎಷ್ಟು ಪ್ರೋಟೀನ್ ಇದೆ ಅಂತ ಅಳೆಯುವ ವಿಧಾನಗಳು. ಯಾವುದು ಎನ್ನುವುದನ್ನು ಬಫರ್ ತೀರ್ಮಾನಿಸುತ್ತದೆ. 1976ರ ಬ್ರಾಡ್‌ಫರ್ಡ್ ಬೇಗ ಆಗುತ್ತದೆ, ಆದರೆ ಎಸ್‌ಡಿಎಸ್ ಇದ್ದರೆ ಕೆಡುತ್ತದೆ. 1985ರ ಬಿಸಿಎ ಎಸ್‌ಡಿಎಸ್ ತಾಳುತ್ತದೆ, ಆದರೆ ಡಿಟಿಟಿ, ಇಡಿಟಿಎ ಆಗುವುದಿಲ್ಲ. 1951ರ ಲೌರಿಗೆ ಟ್ರಿಸ್, ಡಿಟಿಟಿ, ಇಡಿಟಿಎ ಮೂರೂ ತೊಂದರೆ. ಕೆಲ್ಡಾಲ್ ವಿಧಾನ 1883ರಷ್ಟು ಹಳೆಯದು, ಸಾರಜನಕವನ್ನು 6.25ರಿಂದ ಗುಣಿಸುತ್ತದೆ. ತಾಟೆ, ತೊರಕೆಗಳಿಗೆ ಅದನ್ನು ಕಣ್ಣುಮುಚ್ಚಿ ಬಳಸಬೇಡಿ. ಅವುಗಳ ಮಾಂಸದಲ್ಲಿ ಯೂರಿಯಾ ತುಂಬಿರುತ್ತದೆ, ಆ ಸಾರಜನಕವೂ ಪ್ರೋಟೀನಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ಯಾವುದರಲ್ಲೇ ಅಳೆಯಿರಿ, ಬಂದ ಅಂಕಿಯನ್ನು ಒಮ್ಮೆ ಬಾಯಿಲೆಕ್ಕದಲ್ಲಿ ನೋಡಿ. ಮೀನಿನ ಮಾಂಸದಲ್ಲಿ ಪ್ರೋಟೀನ್ ಸುಮಾರು 18ರಿಂದ 20 ಶೇಕಡಾ. 1 ಗ್ರಾಂ ಮಾಂಸ 10 ಮಿ.ಲೀ. ಬಫರಿನಲ್ಲಿದ್ದರೆ ಪೂರ್ತಿ ಕರಗಿದರೂ ಮಿ.ಲೀ.ಗೆ 20 ಮಿ.ಗ್ರಾಂ ದಾಟುವಂತಿಲ್ಲ. ಮೊದಲ ಫಾಸ್ಫೇಟ್ ತಿಳಿಯಲ್ಲಿ (ಎರಡನೆಯದನ್ನು ಸೇರಿಸುವ ಮೊದಲು) 4ರಿಂದ 6ರ ಒಳಗೆ ಇರಬೇಕು. 15 ಬಂದಿದ್ದರೆ ಬಫರಿನಲ್ಲಿರುವ ಏನೋ ಬಣ್ಣ ಕೊಡುತ್ತಿದೆ. ಬರೀ ಬಫರ್ ಹಾಕಿ ಅಳೆದರೆ ತಕ್ಷಣ ಗೊತ್ತಾಗುತ್ತದೆ.

ಎರಡು ವಿಧಾನಗಳನ್ನು ನ್ಯಾಯವಾಗಿ ಹೋಲಿಸುವುದು ಹೇಗೆ?

ಒಂದೇ ಮೀನಿನ ಪುಡಿಯನ್ನು ಪಾಲು ಮಾಡಿ, ಒಂದೊಂದು ಪಾಲಿಗೆ ಒಂದೊಂದು ವಿಧಾನ. ಮಾಂಸಕ್ಕೂ ಬಫರಿಗೂ ಅನುಪಾತ ಎಲ್ಲದರಲ್ಲೂ ಒಂದೇ ಇರಲಿ. ಇದನ್ನು ಬೇರೆ ಬೇರೆ ಮೀನುಗಳಲ್ಲಿ ಮತ್ತೆ ಮಾಡಿ. ಒಂದೇ ಬಂಗುಡೆಯಿಂದ ಮೂರು ಟ್ಯೂಬ್ ಮಾಡಿದರೆ ಅದು ಮೂರು ಮೀನು ಆಗುವುದಿಲ್ಲ. ಪ್ರಬಂಧಗಳಲ್ಲಿ ನಾನು ಕಾಣುವ ಅತಿ ದೊಡ್ಡ ತಪ್ಪು ಇದು, ಅದನ್ನು ನೋಡಿದಾಗಲೆಲ್ಲ ವರ್ಷಗಟ್ಟಲೆಯ ದುಡಿಮೆ ಹೀಗಾಯಿತಲ್ಲ ಅಂತ ಸಂಕಟವಾಗುತ್ತದೆ. ಲೆಕ್ಕ ಹಾಕುವಾಗಲೂ ಒಂದೇ ಮೀನಿನ ಅಂಕಿಗಳನ್ನು ಜೋಡಿಯಾಗಿ ನೋಡುವ ಪರೀಕ್ಷೆ ಬಳಸಿ.

ಪೆಲೆಟ್ಟನ್ನು ಬಿಸಾಡಬೇಡಿ. ಅದನ್ನು ಎಸ್‌ಡಿಎಸ್‌ನಲ್ಲಿ ಕುದಿಸಿ ಜೆಲ್ಲಿಗೆ ಹಾಕಿ. ಹೊರಬಂದದ್ದು, ಒಳಗೇ ಉಳಿದದ್ದು ಎರಡನ್ನೂ ಪಕ್ಕಪಕ್ಕ ನೋಡಿದಾಗಲೇ ವಿಧಾನದ ನಿಜ ತಿಳಿಯುವುದು. ಜೆಲ್ ಎರಡು ಸಲ ಓಡಿಸಿ. ಒಂದರಲ್ಲಿ ಪ್ರತಿ ಸಾಲಿಗೂ ಸಮ ಪ್ರೋಟೀನ್, ಇನ್ನೊಂದರಲ್ಲಿ ಸಮ ಪ್ರಮಾಣದ ದ್ರವ. ಮೊದಲನೆಯದು ಯಾವ್ಯಾವ ಪ್ರೋಟೀನ್ ಬಂತು ಅಂತ ಹೇಳುತ್ತದೆ, ಎರಡನೆಯದು ಎಷ್ಟು ಬಂತು ಅಂತ. ಬೇರೆ ಬೇರೆ ಬಫರಿನಲ್ಲಿರುವುದನ್ನು ಒಂದೇ ಅಳತೆ ವಿಧಾನದಲ್ಲಿ ಅಳೆಯಲಾಗದಿದ್ದರೆ ಎಲ್ಲವನ್ನೂ ಅಸಿಟೋನಿನಲ್ಲಿ ಇಳಿಸಿ ಒಂದೇ ಬಫರಿಗೆ ತಂದು ಅಳೆಯಿರಿ.

ಲಿವರಿಗೂ ಇದೇ ವಿಧಾನವಾ?

ಬಹುಮಟ್ಟಿಗೆ ಇಲ್ಲ. ಮೀನು ಕೊಯ್ಯುವಾಗ ಪಿತ್ತದ ಚೀಲ ಒಡೆಯದಂತೆ ನೋಡಿಕೊಳ್ಳಿ, ಹಸಿರು ತಾಗಿದರೆ ಆ ಲಿವರ್ ಬಿಟ್ಟುಬಿಡಿ. ರಕ್ತ ಹೋಗುವವರೆಗೆ ತಣ್ಣನೆಯ ಉಪ್ಪುನೀರಿನಲ್ಲಿ ಜಾಲಿಸಿ. ಮೀನಿನ ಕೆಂಪು ರಕ್ತಕಣಗಳಲ್ಲಿ ನಮ್ಮ ಹಾಗಲ್ಲದೆ ನ್ಯೂಕ್ಲಿಯಸ್ ಇರುತ್ತದೆ. ರಕ್ತ ಉಳಿದರೆ ಹಿಮೋಗ್ಲೋಬಿನ್ ಜೊತೆಗೆ ಡಿಎನ್‌ಎ ಲೋಳೆಯೂ ಬರುತ್ತದೆ. ಕ್ಯಾಟಲೇಸ್ ಮುಂತಾದ ಕಿಣ್ವ ಅಳೆಯುವವರಿಗೆ 50 ಮಿಲಿಮೋಲಾರ್ ಫಾಸ್ಫೇಟ್ ಸಾಕು, ಅಂದೇ ಅಳೆದು ಮುಗಿಸಿ.

ಮೀನುಗಾರಿಕೆ ನಿಷೇಧದ ಸಮಯದಲ್ಲಿ ಸ್ಯಾಂಪಲ್ ಎಲ್ಲಿಂದ ತರುವುದು?

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲ್ ಬೋಟುಗಳು ಇಳಿಯುವುದಿಲ್ಲ. ನಾಡದೋಣಿಯವರಿಗೆ ವಿನಾಯಿತಿ ಇದೆ, ಕಡಲು ಶಾಂತವಿದ್ದ ದಿನ ಅವರ ಹತ್ತಿರ ಸ್ವಲ್ಪ ಸಿಗುತ್ತದೆ, ಅದೂ ತೀರಾ ತಾಜಾ. ಆ ಎರಡು ತಿಂಗಳು ಮಾರ್ಕೆಟ್ಟಿನಲ್ಲಿ ಕಾಣುವ ಐಸ್ ಮೀನನ್ನು ಲ್ಯಾಬಿಗೆ ತರಬೇಡಿ, ಎಲ್ಲಿಂದ ಬಂತು, ಎಷ್ಟು ದಿನದ್ದು ಅಂತ ಮಾರುವವರಿಗೂ ಗೊತ್ತಿರುವುದಿಲ್ಲ. ಮೇ ತಿಂಗಳೊಳಗೆ ಬೇಕಾದಷ್ಟು ತುಂಡು ಮಾಡಿ ಮೈನಸ್ 80ರಲ್ಲಿಡಿ, ಇಲ್ಲವೇ ಆ ಸಮಯಕ್ಕೆ ಕೆರೆ, ಹೊಂಡದ ತಿಲಾಪಿಯಾ, ರೋಹು ಹಿಡಿದು ಅಭ್ಯಾಸ ಮಾಡಿ. ಮಳೆಗಾಲ ಕಳೆದ ಮೇಲೆ ಬರುವ ಬೂತಾಯಿಯಲ್ಲಿ ಎಣ್ಣೆ ಜಾಸ್ತಿ ಇರುತ್ತದೆ. ಮೇ ತಿಂಗಳ ಮೀನಿಗೆ ಹೊಂದಿಸಿಟ್ಟ ವಿಧಾನ ಅಕ್ಟೋಬರಿನ ಮೀನಿಗೆ ಹಾಗೆಯೇ ನಡೆಯಲಿಕ್ಕಿಲ್ಲ, ಕೊಬ್ಬು ತೆಗೆಯಲು ಅಸಿಟೋನಿನ ತೊಳೆತ ಒಂದೆರಡು ಸಲ ಜಾಸ್ತಿ ಬೇಕಾದೀತು.